ಪ್ರತಿಕ್ರಿಯೆ: ಐಟಿಒ ಗಾಜಿನ ಮೇಲಿನ ಪಾಲಿಪೈರೋಲ್ ಪೊರೆ ಪುಡಿಯಾಗಿ ಉದುರೋದು

ಐಟಿಒ ಗಾಜಿನ (ವಿದ್ಯುತ್ ಹರಿಸೋ ಇಂಡಿಯಂ ಟಿನ್ ಆಕ್ಸೈಡ್ ಲೇಪನದ ಗಾಜು) ಮ್ಯಾಲೆ, ಪೈರೋಲ್ ಅನ್ನೋ ದ್ರವದ ದ್ರಾವಣಕ್ಕ ವೋಲ್ಟೇಜ್ ಕೊಟ್ಟು ಬೆಳೆಸಿದ ಪಾಲಿಪೈರೋಲ್ (ವಿದ್ಯುತ್ ಹರಿಸೋ ಪ್ಲಾಸ್ಟಿಕ್) ಪೊರೆ ಯಾಕ ಪುಡಿಯಾಗಿ ಉದುರ್ತದ ಅಂತ ಕೇಳೀರಿ. ಮುಖ್ಯ ಕಾರಣ ನೀವು ಕೊಟ್ಟ 1.2 ವೋಲ್ಟ್. ಅಷ್ಟಕ್ಕೆ ಪಾಲಿಪೈರೋಲ್ ಅತಿಯಾಗಿ ಆಕ್ಸಿಡೀಕರಣಗೊಂಡು ವಾಹಕತೆ ಕಳಕೊಳ್ತದ. ಬಾಟಲಿಯ ಪೈರೋಲ್ ಕಂದಾಗ್ಯದ ಅಂತಲೂ ಬರೆದೀರಿ. ಕಲಬುರಗಿ ಏಪ್ರಿಲ್‌ನಾಗ ಕಪಾಟಿನಲ್ಲಿಟ್ಟರ ಹಂಗೇ ಆಗೋದು. ಅದನ್ನ ಶುದ್ಧ ಮಾಡದೆ ಹಂಗೇ ಬಳಸಬ್ಯಾಡ್ರಿ.

ಮೊದಲು ಪೈರೋಲನ್ನ ಫ್ಯೂಮ್ ಹುಡ್ (ಹೊಗೆ ಹೊರಗೆಳೆಯೋ ಪೆಟ್ಟಿಗೆ) ಒಳಗ ಬಟ್ಟಿ ಇಳಿಸ್ರಿ (ಸುಮಾರು 130 ಡಿಗ್ರಿಗೆ ಬರ್ತದ), ಇಲ್ಲಾ ಅಲ್ಯುಮಿನಾ ತುಂಬಿದ ಸಣ್ಣ ಕೊಳವೆಯಲ್ಲಿ ಸೋಸ್ರಿ. ಬಣ್ಣ ಇಲ್ಲದಂಗ ಬರಬೇಕು. ಉಳಿದದ್ದು ಕತ್ತಲೆ ಬಾಟಲಿಯೊಳಗ, ಫ್ರಿಜ್‌ನಾಗ.

ಗಾಜನ್ನ ಸೋಪು ನೀರು, ಅಸಿಟೋನ್, ಐಸೊಪ್ರೊಪನಾಲ್‌ನಲ್ಲಿ ತಲಾ 10 ನಿಮಿಷ ಅಲ್ಟ್ರಾಸಾನಿಕ್‌ನಾಗ ತೊಳೀರಿ. ವಾಹಕ ಮಗ್ಗಲು ಯಾವುದು ಅಂತ ಮಲ್ಟಿಮೀಟರ್‌ನಿಂದ ನೋಡ್ರಿ.

ದ್ರಾವಣ 50 ಮಿಲೀ: ಪೈರೋಲ್ 0.35 ಮಿಲೀ, ಸೋಡಿಯಂ ಪಿ-ಟಾಲ್ವೀನ್‌ಸಲ್ಫೊನೇಟ್ (ದ್ರಾವಣದಾಗ ವಿದ್ಯುತ್ ಹರಿಸೋ ಉಪ್ಪು) 0.97 ಗ್ರಾಂ. ಎರಡೂ 0.1 ಮೋಲಾರ್ (ಲೀಟರ್‌ಗೆ 0.1 ಮೋಲ್) ಆಗ್ತಾವ. ನೀರು ಬಟ್ಟಿ ಇಳಿಸಿದ್ದೇ ಬೇಕು. ಬೋರ್‌ವೆಲ್ ನೀರಿನ ಕ್ಲೋರೈಡ್ ಪೊರೆಯೊಳಗೂ ಸೇರ್ತದ. 15 ನಿಮಿಷ ನೈಟ್ರೋಜನ್ ಹಾಯಿಸಿ, ಸೆಲ್ಲನ್ನ (ದ್ರಾವಣ, ಎಲೆಕ್ಟ್ರೋಡ್ ಇರೋ ಪಾತ್ರೆ) ಐಸ್ ನೀರಿನಾಗ ಇಡ್ರಿ. ತಂಪಿನಲ್ಲಿ ಪೊರೆ ಬಿಗಿಯಾಗಿ ಕೂಡ್ತದ.

ಸಿಲ್ವರ್/ಸಿಲ್ವರ್ ಕ್ಲೋರೈಡ್ (ವೋಲ್ಟೇಜ್ ಅಳೆಯೋಕೆ ಆಧಾರದ ಎಲೆಕ್ಟ್ರೋಡ್) ಎದುರು 0.7 ವೋಲ್ಟ್‌ನಿಂದ ಶುರು ಮಾಡ್ರಿ. ಕರೆಂಟ್ ಏಳದಿದ್ದರ 0.05ರಂತೆ ಏರಿಸ್ರಿ, 0.85 ದಾಟಬ್ಯಾಡ್ರಿ. ಸಮಯ ನೋಡಿ ನಿಲ್ಲಿಸೋದಕ್ಕಿಂತ ಚಾರ್ಜ್ (ಹರಿದ ಒಟ್ಟು ವಿದ್ಯುತ್) ನೋಡಿ ನಿಲ್ಲಿಸೋದು ಮೇಲು: ಚದರ ಸೆಂಟಿಮೀಟರ್‌ಗೆ 40 ಮಿಲಿಕೂಲಂಬ್‌ಗೆ ಅಂದಾಜು 100 ನ್ಯಾನೋಮೀಟರ್ ದಪ್ಪದ ಪೊರೆ. ಇದು ಅಂದಾಜಷ್ಟೇ, ನಿಖರ ದಪ್ಪಕ್ಕ ಪ್ರೊಫೈಲೋಮೀಟರ್ (ಪೊರೆಯ ದಪ್ಪ ಅಳೆಯೋ ಸಾಧನ) ಬೇಕು.

ಆಮೇಲೂ ಪೊರೆ ಪುಡಿಯಾಗದೆ ಇಡಿಯಾಗಿ ಎದ್ದು ಬಂದರ, ಗಾಜು ಸರಿಯಾಗಿ ತೊಳೆದಿಲ್ಲ, ಇಲ್ಲಾ ಪೊರೆ ದಪ್ಪಾಗ್ಯದ. ಚಾರ್ಜ್ ಅರ್ಧಕ್ಕ ಇಳಿಸಿ ನೋಡ್ರಿ.