ಅಂತರ್ಯುದ್ಧ ಮುಗಿದ ಮೇಲೆ ಆ ಬಂದೂಕುಗಳೆಲ್ಲ ಎಲ್ಲಿಗೆ ಹೋಗುತ್ತವೆ?

ಹೆಚ್ಚಿನವು ಎಲ್ಲಿಗೂ ಹೋಗುವುದಿಲ್ಲ. ಅಲ್ಲೇ ಹೂತು ಕೂತಿರುತ್ತವೆ. ಮೊಜಾಂಬಿಕ್ ಕಥೆ ನೋಡಿ. 1977ರಲ್ಲಿ ಶುರುವಾದ ಅಂತರ್ಯುದ್ಧ 1992ರಲ್ಲಿ ರೋಮ್ ಒಪ್ಪಂದದಿಂದ ನಿಂತಿತು. ಸೈನಿಕರು ಊರಿಗೆ ಮರಳಿದರು, ಆದರೆ ಎಷ್ಟೋ ಬಂದೂಕುಗಳು ಹೊಲದಲ್ಲಿ, ಕಾಡಿನಲ್ಲಿ ಬಚ್ಚಿಟ್ಟಲ್ಲೇ ಉಳಿದವು. ಒಂದಷ್ಟು ಗಡಿ ದಾಟಿ ದಕ್ಷಿಣ ಆಫ್ರಿಕಾದ ಕಳ್ಳರ ಕೈ ಸೇರಿದವು.

1995ರಲ್ಲಿ ಬಿಷಪ್ ಡಿನಿಸ್ ಸೆಂಗುಲಾನೆ ಮುಂದಾಳತ್ವದಲ್ಲಿ ಅಲ್ಲಿನ ಚರ್ಚುಗಳು ಒಂದು ಉಪಾಯ ಮಾಡಿದವು. ಬಂದೂಕು ಕೊಡಿ, ಹೊಲಿಗೆ ಯಂತ್ರ, ಸೈಕಲ್, ಗುದ್ದಲಿ ಒಯ್ಯಿರಿ. ನನಗೆ ಇದರಲ್ಲಿ ಇಷ್ಟವಾದದ್ದು ಲೆಕ್ಕಾಚಾರ. ಬಂದೂಕಿನಿಂದ ಹೊಟ್ಟೆ ಹೊರೆದವನಿಗೆ ಬೇರೆ ದುಡಿಮೆ ಕೊಡದೆ ಸುಮ್ನೆ ಬುದ್ಧಿ ಹೇಳಿದರೆ ಕೇಳ್ತಾನಾ?

ಸಿಕ್ಕ ಬಂದೂಕುಗಳನ್ನು ತುಂಡರಿಸಿ ಕಲಾವಿದರಿಗೆ ಕೊಟ್ಟರು. ಕೆಸ್ಟರ್ ಎಂಬವರು 2001ರಲ್ಲಿ ಮಾಡಿದ ಕುರ್ಚಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಬೆನ್ನಿಗೆ ಪೋರ್ಚುಗಲ್‌ನ ಜಿ3 ರೈಫಲ್‌ನ ಎರಡು ಹಿಡಿಗಳು. ಸ್ಕ್ರೂ ತೂತು, ಪಟ್ಟಿಯ ಸೀಳು ಸೇರಿ ನಗುವ ಮುಖದ ಹಾಗೆ ಕಾಣುತ್ತವೆ! ಅದರಲ್ಲಿರುವ ಒಂದು ಬಂದೂಕೂ ಮೊಜಾಂಬಿಕ್‌ನಲ್ಲಿ ತಯಾರಾದದ್ದಲ್ಲ.

ನೆಲಬಾಂಬು ಇನ್ನೂ ಕಷ್ಟದ ಕೆಲಸ. ಸ್ಫೋಟಕದ ವಾಸನೆ ಹಿಡಿಯಲು ಇಲಿಗಳನ್ನೂ ಪಳಗಿಸಿದರು. ಹಗುರ ಇರುವುದರಿಂದ ಅವು ಮೇಲೆ ಓಡಾಡಿದರೂ ಸಿಡಿಯಲ್ಲ. ದೇಶ ನೆಲಬಾಂಬು ಮುಕ್ತ ಎಂದು ಘೋಷಣೆಯಾದದ್ದು 2015ರಲ್ಲಿ. ಬಂಡುಕೋರರಾಗಿದ್ದ ರೆನಾಮೊ ಅಷ್ಟರಲ್ಲೇ ಮತ್ತೆ ಬಂದೂಕು ಎತ್ತಿಯಾಗಿತ್ತು. ಅವರ ಕೊನೆಯ ನೆಲೆ ಮುಚ್ಚಿದ್ದು 2023ರಲ್ಲಿ.