ರಸ್ತೆ ಬಂದ್ ಆದಾಗ ಅಂಗಡಿಯವರು ದುಪ್ಪಟ್ಟು ಬೆಲೆ ಕೇಳಿದರೆ ಕಾನೂನು ಇದೆಯಾ? ಎಲ್ಲಿ ದೂರು ಕೊಡಬೇಕು?

ನಾನು ಮಡಿಕೇರಿಯವನು. ಈ ಪ್ರಶ್ನೆ ನನಗೂ ಒಮ್ಮೆ ಬಂದಿತ್ತು.

2018ರ ಆಗಸ್ಟ್. ಗುಡ್ಡ ಕುಸಿದು ಸಂಪಾಜೆ ಕಡೆಯ ರಸ್ತೆ ಹೋಗಿತ್ತು. ಕರೆಂಟ್ ಇಲ್ಲ, ಮನೆಯಲ್ಲಿ ವಯಸ್ಸಾದ ಅಮ್ಮ. 30 ರೂಪಾಯಿ ಅಂತ ಬರೆದಿದ್ದ ಮೇಣದಬತ್ತಿ ಪ್ಯಾಕೆಟ್ಟನ್ನು ಒಂದು ಅಂಗಡಿಯಲ್ಲಿ 80 ಕೊಟ್ಟು ತಂದೆ. 'ರೋಡೇ ಇಲ್ಲ, ಸಾಮಾನು ಎಲ್ಲಿಂದ ಬರಬೇಕು?' ಅಂದರು. ಆದರೆ ಆ ಪ್ಯಾಕೆಟ್ ರಸ್ತೆ ಹೋಗುವ ಮೊದಲೇ ಅಂಗಡಿಗೆ ಬಂದಿತ್ತು, ಅಲ್ವಾ? ಬಿಲ್ ಕೇಳಲಿಲ್ಲ. ಆಮೇಲೆ ದೂರು ಕೊಡೋಣ ಅಂದರೆ ಕೈಯಲ್ಲಿ ಏನೂ ಇರಲಿಲ್ಲ. ಆ ಸಿಟ್ಟು ಇನ್ನೂ ಇದೆ.

ವಿಪತ್ತಿನಲ್ಲಿ ಯಾವ ಸಾಮಾನಿನ ಬೆಲೆಯನ್ನೂ ಏರಿಸಬಾರದು ಅನ್ನುವ ಒಂದೇ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಆದರೆ ಪ್ಯಾಕೆಟ್ ಮೇಲೆ ಎಂಆರ್‌ಪಿ ಇದ್ದರೆ ಮಾತೇ ಬೇರೆ. ಪ್ಯಾಕೆಟ್ ಸಾಮಾನುಗಳ 2011ರ ನಿಯಮದ ಪ್ರಕಾರ ಅದಕ್ಕಿಂತ ಜಾಸ್ತಿ ತಗೊಳ್ಳುವಂತಿಲ್ಲ. ಮಳೆ, ಲಾರಿ ಬಾಡಿಗೆ, ಫ್ರಿಜ್ಜಿನ ಖರ್ಚು ಯಾವುದೂ ನೆಪ ಆಗುವುದಿಲ್ಲ. ಹಾಲು, ನೀರಿನ ಬಾಟಲಿ, ಬಿಸ್ಕತ್ತು, ಬೆಂಕಿಪೊಟ್ಟಣ ಎಲ್ಲಕ್ಕೂ ಇದೇ ಲೆಕ್ಕ.

ಬಿಡಿ ತರಕಾರಿ, ಮೀನಿನ ವಿಷಯ ಕಷ್ಟ. ಸುತ್ತು ದಾರಿಯಲ್ಲಿ ಬಂದ ಟೊಮೆಟೊಗೆ ನಾಲ್ಕು ಕಾಸು ಜಾಸ್ತಿ ಆದರೆ ಅದು ಮೋಸ ಅಂತ ನಾನು ಹೇಳಲಾರೆ. ಅಂಥ ಕಡೆ ಸರ್ಕಾರವೇ ಕೈ ಹಾಕಬೇಕು. 1955ರ ಅಗತ್ಯ ವಸ್ತುಗಳ ಕಾಯ್ದೆ ಅದಕ್ಕೇ ಇರುವುದು. 2020ರ ಮಾರ್ಚ್‌ನಲ್ಲಿ ಮಾಸ್ಕ್, ಸ್ಯಾನಿಟೈಸರ್‌ಗಳನ್ನು ಅದರಡಿ ತಂದು, ಮೂರು ಪದರದ ಮಾಸ್ಕ್‌ಗೆ 10 ರೂಪಾಯಿ, 200 ಮಿಲಿ ಸ್ಯಾನಿಟೈಸರ್‌ಗೆ 100 ರೂಪಾಯಿ ಮಿತಿ ಹಾಕಿದ್ದರು. ಮೀರಿದವರಿಗೆ 7 ವರ್ಷದವರೆಗೆ ಜೈಲು ಆಗಬಹುದು.

ದೂರಿಗೆ ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಂಆರ್‌ಪಿ ವಿಷಯ ಆದರೆ ತೂಕ-ಅಳತೆ ಇಲಾಖೆಗೂ ಹೇಳಬಹುದು. ಪರಿಹಾರ ಬೇಕಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ (ನಮ್ಮದು ಮಡಿಕೇರಿಯಲ್ಲಿದೆ) 2 ವರ್ಷದೊಳಗೆ ಅರ್ಜಿ ಹಾಕಿ. ನೀವು ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ಶುಲ್ಕ ಇಲ್ಲ, ವಕೀಲರೂ ಬೇಕೇ ಬೇಕು ಅಂತಿಲ್ಲ.

ನನ್ನ ಹಾಗೆ ಸುಮ್ನೆ ದುಡ್ಡು ಕೊಟ್ಟು ಬರಬೇಡಿ. ಬೆಲೆ ಕಾಣುವಂತೆ ಪ್ಯಾಕೆಟ್ಟಿನ ಫೋಟೊ ತೆಗೆಯಿರಿ. ಫೋನಿನಲ್ಲಿ ದುಡ್ಡು ಹಾಕಿದರೆ ಅದರ ದಾಖಲೆ ಉಳಿಯುತ್ತದೆ. ಬಿಲ್ ಕೇಳಿ. ಕೊಡಲ್ಲ ಅಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅದೂ ದೂರು ಕೊಡಬಹುದಾದ ತಪ್ಪೇ.