ಹತ್ತು ವಯಲ್‌ನ ಲೆಕ್ಕ

ಓದುಗರ ಪತ್ರ: ಆನೇಕಲ್ ಹತ್ತಿರದ ಹೊಸ ಲೇಔಟ್‌ನಲ್ಲಿ ನಮ್ಮ ಮನೆ. ಹೋದ ತಿಂಗಳು ಪಕ್ಕದ ಖಾಲಿ ಸೈಟಿಗೆ ಬಿದ್ದ ಚೆಂಡು ತರಲು ಹೋದ ನನ್ನ 6 ವರ್ಷದ ಮಗನ ಕಾಲಿಗೆ ಕೊಳಕುಮಂಡಲ ಕಚ್ಚಿತು. ನಿಮ್ಮ ಪತ್ರಿಕೆಯ ಚಿತ್ರದಲ್ಲಿದ್ದಂತೆ ದುಪಟ್ಟಾ ಬಿಗಿದು ಓಡಿದೆವು. ಆಸ್ಪತ್ರೆಯಲ್ಲಿ ದೊಡ್ಡವರಿಗೆ ಕೊಡುವಷ್ಟೇ, 10 ವಯಲ್ ಔಷಧಿ ಕೊಟ್ಟರು. ಸಹಿ ಹಾಕಿದ್ದು ನಾನು. ಎರಡು ದಿನಕ್ಕೆ ಮೂತ್ರ ನಿಂತು ಡಯಾಲಿಸಿಸ್ ಮಾಡಿದರು. ಈಗ ಮನೆಗೆ ಬಂದಿದ್ದಾನೆ. ಅಷ್ಟೊಂದು ಔಷಧಿ ಹಾಕಿಸಿದ್ದಕ್ಕೇ ಕಿಡ್ನಿ ಕೆಟ್ಟಿತಾ?

ಸಂಪಾದಕರ ಉತ್ತರ: ಇಲ್ಲ ಅಮ್ಮಾ. ಕಿಡ್ನಿ ಕೆಡಿಸಿದ್ದು ವಿಷ. ನೀವು ಸಹಿ ಹಾಕಿದ್ದು ಸರಿಯಾಗೇ ಇತ್ತು.

ನಿಮ್ಮ ಪತ್ರ ಹಿಡಿದುಕೊಂಡು ಮಕ್ಕಳ ಐಸಿಯು ವೈದ್ಯರೊಬ್ಬರ ಹತ್ತಿರ ಹೋಗಿದ್ದೆ. ಜ್ವರದ ಸಿರಪ್ಪನ್ನು ಮಗುವಿನ ತೂಕ ನೋಡಿ ಕೊಡುತ್ತಾರೆ. ಹಾಗಾಗಿ ನಿಮಗೆ ಅನುಮಾನ ಬಂದದ್ದು ಸಹಜ. ಆದರೆ ಕಚ್ಚುವ ಹಾವು ಮಗು ಅಂತ ವಿಷ ಕಡಿಮೆ ಬಿಡುವುದಿಲ್ಲ, ಅಲ್ವಾ? ಕೊಳಕುಮಂಡಲ ಕಚ್ಚಿದರೆ ಸರಾಸರಿ 60 ಮಿಲಿಗ್ರಾಂನಷ್ಟು ವಿಷ ಒಳಗೆ ಹೋಗುತ್ತದೆ. ನಿಮ್ಮ ಮಗನಿಗೆ ಕೊಟ್ಟ ಔಷಧಿ ಆ್ಯಂಟಿವೆನಮ್, ಅಂದರೆ ಹಾವಿನ ವಿಷ ತಡೆಯುವ ಮದ್ದು. ನಮ್ಮಲ್ಲಿ ಸಿಗುವ ಅದರ ಒಂದು ವಯಲ್ (ಸಣ್ಣ ಬಾಟಲಿ) ಅಂದರೆ 10 ಎಂಎಲ್. ಅದು ಈ ಹಾವಿನ 6 ಮಿಲಿಗ್ರಾಂ ವಿಷವನ್ನು ತಡೆಯುತ್ತದೆ. ಆರು ಹತ್ಲಿ ಅರವತ್ತು. 10 ವಯಲ್ ಬಂದದ್ದು ಹೀಗೆ. ಮಗುವಿನ ತೂಕ ಲೆಕ್ಕಕ್ಕೆ ಬರುವುದು ಅದನ್ನು ಬೆರೆಸುವ ಸಲೈನ್‌ಗೆ ಮಾತ್ರ. ಇನ್ನೊಂದು ಮಾತು. 60 ಕೆ.ಜಿ. ಮೈಯಲ್ಲಿ ಹರಡುವ ವಿಷ 20 ಕೆ.ಜಿ. ಮೈಯಲ್ಲಿ ಹರಡಿದರೆ ಮೂರು ಪಟ್ಟು ಜಾಸ್ತಿ ಆದಂತೆ. ಮಕ್ಕಳು ಬೇಗ ಕುಸಿಯುವುದು ಅದಕ್ಕೇ.

ಈ ವಿಷ ಸೇರಿದರೆ ಮೈಯೊಳಗೆ ಸಣ್ಣ ಸಣ್ಣ ಹೆಪ್ಪು ಕಟ್ಟಿ ಕಿಡ್ನಿಯ ಕೂದಲೆಳೆಯಂಥ ನಾಳಗಳು ಮುಚ್ಚಿಹೋಗುತ್ತವೆ. ರಕ್ತ ಹೆಪ್ಪುಗಟ್ಟಿಸುವ ಅಂಶವೆಲ್ಲ ಹೀಗೆ ಖರ್ಚಾಗಿ, ಕೊನೆಗೆ ವಸಡಿನಲ್ಲೂ ಮೂತ್ರದಲ್ಲೂ ರಕ್ತ ಬರುತ್ತದೆ. ಆ್ಯಂಟಿವೆನಮ್ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿಯಬಲ್ಲದು. ಆಗಲೇ ಆದ ಪೆಟ್ಟನ್ನು ಸರಿ ಮಾಡಲಾರದು.

ನಾನು ಹೋದ ದಿನ ಅಲ್ಲಿ ಹಾವು ಕಚ್ಚಿದ ಇನ್ನೊಂದು ಮಗುವಿನ ರಕ್ತ ಹೆಪ್ಪುಗಟ್ಟುತ್ತದೆಯೇ ಎಂಬ ಪರೀಕ್ಷೆ ನಡೆದಿತ್ತು. ಒಣಗಿದ ಗಾಜಿನ ನಳಿಕೆಯಲ್ಲಿ 2 ಎಂಎಲ್ ರಕ್ತ. 20 ನಿಮಿಷ ಅದನ್ನು ಯಾರೂ ಮುಟ್ಟುವಂತಿಲ್ಲ. ಮಗುವಿನ ಅಪ್ಪ ಗಡಿಯಾರವನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ನರ್ಸ್ ನಳಿಕೆಯನ್ನು ಒಂದೇ ಸಲ ಬಾಗಿಸಿದರು. ಸರಿಯಾದ ರಕ್ತವಾದರೆ ಗಟ್ಟಿ ಮೊಸರಿನ ಹಾಗೆ ನಿಲ್ಲಬೇಕು. ಇದು ಡಿಕಾಕ್ಷನ್ ಥರ ಜಾರಿತು. ತಕ್ಷಣ ಡ್ರಿಪ್ ಶುರುವಾಯಿತು. 6 ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಆಗಲೂ ಜಾರಿದರೆ ಮತ್ತೆ ಔಷಧಿ.

ಹಾಗಾದರೆ ಸಹಿ ಯಾಕೆ ಕೇಳಿದರು? ಈ ಔಷಧಿ ಕುದುರೆಯ ರಕ್ತದಿಂದ ತಯಾರಾಗುತ್ತದೆ. ಕೆಲವರಿಗೆ ದದ್ದು, ವಾಂತಿ, ಉಬ್ಬಸ ಬರಬಹುದು, ಬಿಪಿ ಕುಸಿಯಬಹುದು. ಹಾಗಾದರೆ ಡ್ರಿಪ್ ನಿಲ್ಲಿಸಿ, ತೊಡೆಗೆ ಅಡ್ರಿನಲಿನ್ ಕೊಟ್ಟು, ಸುಧಾರಿಸಿದ ಮೇಲೆ ಮುಂದುವರಿಸುತ್ತಾರೆ. ಆ ಹೆದರಿಕೆಗೆ ಔಷಧಿ ಬೇಡ ಅನ್ನಬಾರದು.

ದುಪಟ್ಟಾ ವಿಷಯದಲ್ಲಿ ತಪ್ಪು ನಮ್ಮದು. ಆ ಚಿತ್ರ ಅಚ್ಚಾಗಬಾರದಿತ್ತು. ಕ್ಷಮಿಸಿ. ಬಿಗಿಯಾಗಿ ಕಟ್ಟಿದರೆ ಕಾಲಿಗೆ ರಕ್ತವೇ ಹೋಗುವುದಿಲ್ಲ. ಬಿಚ್ಚಿದ ಕೂಡಲೇ ತಡೆದಿದ್ದ ವಿಷ ಒಟ್ಟಿಗೇ ನುಗ್ಗುತ್ತದೆ. ಕೊಯ್ಯುವುದು, ಹೀರುವುದು, ಐಸ್ ಇಡುವುದು ಯಾವುದೂ ಬೇಡ. ಗೆಜ್ಜೆ, ಶೂ ತೆಗೆದುಬಿಡಿ. ಉದ್ದನೆಯ ಸ್ಕೇಲೋ ರಟ್ಟೋ ಇಟ್ಟು, ಮುರಿದ ಕಾಲಿಗೆ ಕಟ್ಟುವ ಹಾಗೆ ಸಡಿಲವಾಗಿ ಸುತ್ತಿ. ಮಗುವನ್ನು ನಡೆಸಬೇಡಿ, ಎತ್ತಿಕೊಂಡೇ ಹೋಗಿ. 108ಕ್ಕೆ ಫೋನ್ ಮಾಡಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆ್ಯಂಟಿವೆನಮ್ ಇದೆ ಅಂತ ಇವತ್ತೇ ವಿಚಾರಿಸಿ ಗೋಡೆಗೆ ಬರೆದಿಡಿ. ನಿಮ್ಮ ಲೇಔಟಿನ ಬೇರೆ ತಾಯಂದಿರಿಗೂ ಹೇಳಿ.

ಕಟ್ಟುಹಾವಿನ ಕಥೆ ಬೇರೆ. ರಾತ್ರಿ ನೆಲದ ಮೇಲೆ ಮಲಗಿದ ಮಗುವಿಗೆ ಕಚ್ಚಿದರೆ ನೋವೂ ಇರುವುದಿಲ್ಲ, ಗುರುತೂ ಕಾಣದೇ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು ಅನ್ನುತ್ತದೆ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಉಸಿರಾಟ ಸೋಲುತ್ತದೆ. ವೆಂಟಿಲೇಟರ್ ಬೇಕೇ ಬೇಕು. ಅಂಥ ಮಗುವಿಗೆ ಬೆರಳೂ ಅಲ್ಲಾಡಿಸಲಾಗದು, ಆದರೆ ಕಿವಿ ಕೇಳಿಸುತ್ತಿರಬಹುದು. ಹಾಸಿಗೆ ಪಕ್ಕ ನಿಂತು ಮಾತಾಡಿಸುತ್ತಲೇ ಇರಿ, ಯಾರೂ ‘ಆಸೆ ಇಲ್ಲ’ ಅನ್ನಬೇಡಿ ಎಂದರು ಆ ವೈದ್ಯರು. ಎಷ್ಟೋ ಮಕ್ಕಳು ಎದ್ದು ಬರುತ್ತಾರೆ.

ನಿಮ್ಮ ಮಗನ ಕಿಡ್ನಿ ಚೇತರಿಸಿಕೊಳ್ಳುವ ಭರವಸೆ ಚೆನ್ನಾಗಿಯೇ ಇದೆ. ಆದರೆ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ), ಮೂತ್ರ, ಬಿಪಿ ತಪಾಸಣೆ ತಪ್ಪಿಸಬೇಡಿ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಕೊಡಬೇಡಿ. ಮುಂದೆ ಅವನು ಸದಾ ಸುಸ್ತು ಅಂದರೆ, ಎತ್ತರ ಬೆಳೆಯುವುದು ನಿಂತಂತೆ ಕಂಡರೆ, ಹಾವು ಕಚ್ಚಿದ್ದನ್ನು ಮರೆಯದೆ ವೈದ್ಯರಿಗೆ ಹೇಳಿ. ಅಪರೂಪಕ್ಕೆ ಕೊಳಕುಮಂಡಲದ ವಿಷ, ಮೆದುಳಿನ ಬುಡದಲ್ಲಿದ್ದು ಬೆಳವಣಿಗೆಯ ಹಾರ್ಮೋನು ಬಿಡುವ ಪಿಟ್ಯುಟರಿ ಗ್ರಂಥಿಯನ್ನೂ ಕೆಡಿಸುತ್ತದೆ. ಮುಂದಿನ ರಿಪೋರ್ಟ್ ಬಂದ ಮೇಲೆ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.